ಶಾಲೆಯ ಬಾಗಿಲು ಮತ್ತು ಶ್ರಾವಕನ ಹೊಣೆ

ಗೃಹಸ್ಥ ಶ್ರಾವಕನಿಗೆ ಜೈನಾಚಾರ್ಯರು ವಿಧಿಸಿದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ. ನೆಮ್ಮದಿಯ ಕಾಲದಲ್ಲಿ ಇವು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆದರೆ 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸಾಂಕ್ರಾಮಿಕವು ನಾಡಿನ ಶಾಲೆಗಳನ್ನೆಲ್ಲ ಮುಚ್ಚಿಸಿದಾಗ ಶಾಸ್ತ್ರದಾನವೂ ಅಭಯದಾನವೂ ವೈರಿಗಳಂತೆ ಎದುರುಬದುರಾಗಿ ನಿಂತವು. ಮಕ್ಕಳನ್ನು ಕರೆದರೆ ಪ್ರಾಣಭಯ, ಕರೆಯದಿದ್ದರೆ ವಿದ್ಯಾಹಾನಿ. ಈ ವಿರೋಧವು ನಿಜವಾದುದೋ, ಕೇವಲ ತೋರಿಕೆಯದೋ ಎಂಬುದನ್ನು ಶಾಲೆ ನಡೆಸುವ ಟ್ರಸ್ಟುಗಳು ಆಗ ವಿಚಾರಿಸಲಿಲ್ಲ, ಇಂದೂ ವಿಚಾರಿಸುತ್ತಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿದ ಮೇಲಂತೂ ವಿಷಯವೇ ಮುಗಿದುಹೋಯಿತೆಂಬ ಭಾವನೆ ಎಲ್ಲೆಡೆ ನೆಲೆಸಿದೆ. ವಾಸ್ತವವಾಗಿ ರೋಗ ತಗ್ಗಿರುವ ಈ ಬಿಡುವಿನಲ್ಲಿಯೇ ಆ ವಿಚಾರ ನಡೆಯಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ಯಾರೂ ಜಾಣನೆನ್ನುವುದಿಲ್ಲ.

ಆ ದಿನಗಳಲ್ಲಿ ಎರಡು ಪಕ್ಷಗಳಿದ್ದವು. ಮೊದಲನೆಯದು ಬಾಗಿಲು ಮುಚ್ಚುವ ಪಕ್ಷ. ಅಹಿಂಸೆಯೇ ಪರಮಧರ್ಮವಾಗಿರುವಾಗ ಒಂದು ಮಗುವಿಗಾದರೂ, ಒಬ್ಬ ಅಧ್ಯಾಪಕನಿಗಾದರೂ ಅಪಾಯ ತರಬಹುದಾದ ಶಾಲೆಯನ್ನು ತೆರೆಯುವುದು ಹೇಗೆ ಎಂಬುದು ಅದರ ವಾದ. ಕೇಳುವುದಕ್ಕೆ ಈ ವಾದವು ಧಾರ್ಮಿಕವಾಗಿದೆ. ಆದರೆ ಜೈನ ಸಿದ್ಧಾಂತದ ಮುಂದೆ ನಿಲ್ಲುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವೂ ಮೂಲವಾಗಿ ಸೇರಿದೆ. ಎಚ್ಚರವಿಲ್ಲದ ಮನಸ್ಸು, ಮಾತು, ಕಾಯಗಳಿಂದ ಆಗುವ ಹಾನಿಯೇ ಹಿಂಸೆ. ಹಾಗಾದರೆ ಅಹಿಂಸೆಯು ನಿಷ್ಕ್ರಿಯತೆಯಲ್ಲ, ಅಪ್ರಮಾದ. ಮುನಿಗಳು ಜೀವಹಿಂಸೆಯಾದೀತೆಂದು ಹೆದರಿ ಕುಳಿತಲ್ಲಿಯೇ ಕುಳಿತಿರುವುದಿಲ್ಲ. ಪಿಂಛಿಯಿಂದ ನೆಲವನ್ನು ಸವರಿ ಕುಳಿತುಕೊಳ್ಳುತ್ತಾರೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ. ತಡೆಯುವುದಕ್ಕೆ ಗುಪ್ತಿ, ನಡೆಯುವುದಕ್ಕೆ ಸಮಿತಿ; ಎರಡೂ ಸೇರಿಯೇ ಚಾರಿತ್ರ. ಬಾಗಿಲು ಮುಚ್ಚುವ ಪಕ್ಷಕ್ಕೆ ಗುಪ್ತಿಯ ಅರ್ಧ ಮಾತ್ರ ಗೊತ್ತಿತ್ತು.

ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸುವುದುಂಟು. ಮಳೆಗಾಲದಲ್ಲಿ ಜೀವಕೋಟಿ ಹೆಚ್ಚಿರುವುದು ಅದಕ್ಕೆ ಕಾರಣ. ಆದರೆ ಅದಕ್ಕೆ ಆರಂಭವಿರುವಂತೆ ಅಂತ್ಯವೂ ಇದೆ. ಅವಧಿ ತೀರಿದ ಮೇಲೆ ಮುನಿಸಂಘವು ಹೊರಡಲೇಬೇಕು. ಹಠಾತ್ತನೆ ಬಂದ, ಗುಣ ತಿಳಿಯದ ರೋಗದ ಮುಂದೆ 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು ತಪ್ಪೆಂದು ಯಾರೂ ಹೇಳಲಾರರು. ಯಾವ ಸ್ಥಿತಿ ಬಂದಾಗ, ಯಾವ ಏರ್ಪಾಡು ಮುಗಿದಾಗ ತೆರೆಯಲಾಗುವುದೆಂದು ಹೇಳದೆ ಮುಚ್ಚಿದ್ದು ತಪ್ಪು. 2020ರ ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಹತ್ತನೆಯ ತರಗತಿಯ ಬಾಗಿಲು ತೆರೆದದ್ದು 2021ರ ಜನವರಿ 1ರಂದು. ನಡುವೆ 2020ರ ಜೂನ್ ಕೊನೆಯಲ್ಲಿ ಎಂಟು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಅಂತರ ಬಿಟ್ಟು ಕೂರಿಸಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸಲಾಯಿತು. ಪರೀಕ್ಷೆಗೆ ತೆರೆದ ಕೊಠಡಿಯು ಪಾಠಕ್ಕೆ ಏಕೆ ತೆರೆಯಬಾರದೆಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. 2022ರ ಜನವರಿಯಲ್ಲಿ ಓಮಿಕ್ರಾನ್ ಹಬ್ಬಿದಾಗ ಬೆಂಗಳೂರಿನಲ್ಲಿ ಒಂಬತ್ತನೆಯ ತರಗತಿಯವರೆಗಿನ ಶಾಲೆಗಳು ಮತ್ತೆ ಮುಚ್ಚಿದವು. ಪಬ್ಬು, ಬಾರು, ಚಿತ್ರಮಂದಿರಗಳು ಅರ್ಧದಷ್ಟು ಗಿರಾಕಿಗಳೊಂದಿಗೆ ನಡೆದವು. ಮದ್ಯತ್ಯಾಗವನ್ನು ಮೂಲಗುಣವೆಂದು ಎಣಿಸುವ ಸಮಾಜವೂ ಈ ಏರುಪೇರನ್ನು ಕಂಡು ಬಾಯಿ ಬಿಡಲಿಲ್ಲ.

ಮುಚ್ಚಿದ ಶಾಲೆಯಿಂದ ಹಿಂಸೆಯಾಗಲಿಲ್ಲವೆನ್ನುವುದು ಖರ್ಚಿನ ಪುಟವನ್ನು ಹರಿದು ಜಮಾ ಪುಟವನ್ನಷ್ಟೇ ತೋರಿಸುವ ಲೆಕ್ಕ. 2021ರ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮೊದಲಾದವರು ಹದಿನೈದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡ ಕುಟುಂಬಗಳ ಸುಮಾರು 1,400 ಮಕ್ಕಳನ್ನು ಕುರಿತು ಸಮೀಕ್ಷೆ ನಡೆಸಿದರು. ಹಳ್ಳಿಗಳಲ್ಲಿ ಆನ್‌ಲೈನ್ ಮೂಲಕ ಕ್ರಮವಾಗಿ ಓದುತ್ತಿದ್ದವರು ನೂರಕ್ಕೆ 8 ಮಂದಿ. ಏನನ್ನೂ ಓದದೆ ಉಳಿದವರು ನೂರಕ್ಕೆ 37. ಅವರು ಪ್ರಾಥಮಿಕ, ಹಿರಿಯ ಪ್ರಾಥಮಿಕ ತರಗತಿಗಳ ಮಕ್ಕಳು. ಮುಂದೆ ಪ್ರೌಢಶಾಲೆಯ ಹೊಸ್ತಿಲು ದಾಟಬೇಕಾದವರು ಅವರೇ. 2020ನೆಯ ವರ್ಷ ಬಾಲ್ಯವಿವಾಹ ನಿಷೇಧ ಕಾಯಿದೆಯಡಿ ಅತಿ ಹೆಚ್ಚು ಪ್ರಕರಣಗಳು ದಾಖಲಾದ ರಾಜ್ಯ ಕರ್ನಾಟಕ. ಶಾಲೆಯ ಹಾಜರಿ ಪುಸ್ತಕದಿಂದ ಮಾಯವಾದ ಹುಡುಗಿಯನ್ನು ವಿಚಾರಿಸುವವರು ಯಾರೂ ಇಲ್ಲದ ಕಾಲವದು. ಇದು ಯಾವ ಆಸ್ಪತ್ರೆಯ ದಾಖಲೆಯಲ್ಲಿಯೂ ಸೇರದ ಹಿಂಸೆ.

ಪೂರ್ವಜರು ಹೀಗೆ ನಡೆದುಕೊಳ್ಳಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ, ಬೆಳಗಾವಿಗಳಿಗೂ, 1898ರಲ್ಲಿ ಬೆಂಗಳೂರಿಗೂ ಹಬ್ಬಿ ಊರಿಗೆ ಊರೇ ಬಯಲಿಗೆ ಹೋಗಿ ಗುಡಿಸಲು ಕಟ್ಟಿಕೊಂಡ ಕಾಲದಲ್ಲಿಯೇ, 1899ರಲ್ಲಿ, ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಮುಂದೆ ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾದ ಆ ಸಂಸ್ಥೆಯು ಹಳ್ಳಿಯ ಹುಡುಗರು ಓದಲೆಂದು ಬೋರ್ಡಿಂಗುಗಳನ್ನು ತೆರೆಯಿತು. ಮಾರಿ ತೊಲಗಿದ ಮೇಲೆ ವಿದ್ಯೆಯನ್ನು ನೋಡಿಕೊಳ್ಳೋಣವೆಂದು ಆ ಹಿರಿಯರು ಕಾದಿದ್ದರೆ ಸಮಾಜದ ಒಂದು ತಲೆಮಾರು ಅಕ್ಷರ ಕಾಣುತ್ತಿರಲಿಲ್ಲ. ಅವರಿಗೂ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆಯ ಹೆಸರನ್ನು ಸಭೆಗಳಲ್ಲಿ ಕೊಂಡಾಡುವವರು ಆಕೆಯ ಹಟವನ್ನೂ ನೆನೆಯಬೇಕು.

ಇನ್ನೊಂದು ಪಕ್ಷವು ತೆರೆಯುವ ಪಕ್ಷ. ಅದರ ತಪ್ಪು ಬೇರೆ ಬಗೆಯದು, ಹಗುರವಾದುದಲ್ಲ. ಶಾಲೆಯನ್ನು ತೆರೆದರೇನೋ ಸರಿ, ರಕ್ಷಣೆಯ ಬದಲು ರಕ್ಷಣೆಯ ಪ್ರದರ್ಶನವನ್ನು ಏರ್ಪಡಿಸಿದರು. ಪ್ರವೇಶದ್ವಾರದಲ್ಲಿ ರಾಸಾಯನಿಕ ದ್ರವವನ್ನು ಚಿಮ್ಮಿಸುವ ಕಮಾನುಗಳು ಎದ್ದವು. ಅಂಗಳ, ಗೋಡೆ, ಬೆಂಚುಗಳಿಗೆಲ್ಲ ಬ್ಲೀಚಿಂಗ್ ದ್ರಾವಣ ಸಿಂಪಡಿಸಿ ಛಾಯಾಚಿತ್ರ ತೆಗೆಸಲಾಯಿತು. ಮನುಷ್ಯರ ಮೇಲೆ ಇಂಥ ದ್ರವ ಸಿಂಪಡಿಸುವುದು ಹಾನಿಕರವೆಂದು ಕೇಂದ್ರ ಆರೋಗ್ಯ ಸಚಿವಾಲಯವು 2020ರ ಏಪ್ರಿಲ್‌ನಲ್ಲಿಯೇ ತಿಳಿಸಿತ್ತು. ಬೀದಿ, ಬಯಲುಗಳಲ್ಲಿ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ಮರುತಿಂಗಳು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಮಗುವಿನ ಕಣ್ಣು ಉರಿಯಿತು, ನೆಲದ ಮೇಲಿನ ಅಸಂಖ್ಯ ಕ್ಷುದ್ರಜೀವಿಗಳು ಸತ್ತವು, ರೋಗ ಮಾತ್ರ ತಡೆಯಲಿಲ್ಲ. ಪ್ರಯೋಜನವಿಲ್ಲದ ಹಿಂಸೆಗೆ ಶ್ರಾವಕಾಚಾರದಲ್ಲಿ ಅನರ್ಥದಂಡವೆಂದು ಹೆಸರು. ಅದನ್ನು ತ್ಯಜಿಸುವುದೇ ಒಂದು ವ್ರತ. ವ್ರತವನ್ನು ಬಲ್ಲವರೇ ಅದರ ಭಂಗಕ್ಕೆ ಹಣ ಸುರಿದರು.

ಹಣೆಗೆ ಹಿಡಿದ ಜ್ವರಮಾಪಕದ ಕಥೆಯೂ ಇಷ್ಟೆ. ಜ್ವರ ಕಾಣುವ ಮೊದಲೇ ಹರಡಬಲ್ಲ ರೋಗವನ್ನು, ಕೆಲವರಲ್ಲಿ ಜ್ವರವೇ ಕಾಣದ ರೋಗವನ್ನು ಜ್ವರಮಾಪಕವು ಹೇಗೆ ಹಿಡಿದೀತು? ಎಲ್ಲಕ್ಕಿಂತ ಖಂಡನೀಯವಾದುದು ತಂದೆತಾಯಿಗಳಿಂದ ಬರೆಯಿಸಿಕೊಂಡ ಒಪ್ಪಿಗೆಪತ್ರ. ಸರ್ಕಾರದ ನಿಯಮದಂತೆ ಅದನ್ನು ಪಡೆಯಬೇಕಾಗಿತ್ತು, ನಿಜ. ಆದರೆ ಅನೇಕ ಆಡಳಿತ ಮಂಡಳಿಗಳು ಅದನ್ನು ತಮ್ಮ ಹೊಣೆಯ ಬಿಡುಗಡೆಪತ್ರವೆಂದು ಭಾವಿಸಿದವು. ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ರಸೀದಿಯ ಅಡಿಯಲ್ಲಿ ಅಚ್ಚು ಹಾಕಿಸುವ ಅಂಗಡಿಯವನ ಬುದ್ಧಿಯಿದು. ಕೃತ, ಕಾರಿತ, ಅನುಮೋದಿತವೆಂದು ಪಾಪದ ಹಾದಿಗಳನ್ನು ಮೂರಾಗಿ ಎಣಿಸುವ ಧರ್ಮದಲ್ಲಿ ಮಾಡಿದವನಷ್ಟೇ ಮಾಡಿಸಿದವನೂ, ಒಪ್ಪಿದವನೂ ಭಾಗಿ. ಗಾಳಿಯಾಡದ ಕೊಠಡಿಯಲ್ಲಿ ಅರವತ್ತು ಮಕ್ಕಳನ್ನು ಕೂರಿಸಿದ ಆಡಳಿತ ಮಂಡಳಿಯು ಕಾರಿತದಿಂದ ಪಾರಾಗಲಾರದು. ತಂದೆಯ ಸಹಿಯಿಂದ ಅನುಮೋದನೆಯ ಪಾಲು ಅವನಿಗೂ ಬರುತ್ತದೆ, ಅಷ್ಟೆ.

ಎರಡೂ ಪಕ್ಷಗಳು ಮರೆತ ವಸ್ತು ಒಂದೇ: ಗಾಳಿ. ಈ ರೋಗವು ಮುಖ್ಯವಾಗಿ ಬೆಂಚಿನಿಂದ ಕೈಗೆ ಹತ್ತುವುದಲ್ಲ, ಉಸಿರಿನಿಂದ ಉಸಿರಿಗೆ ಹೋಗುವುದು. ಮಾತನಾಡುವಾಗ, ಗಟ್ಟಿಯಾಗಿ ಪಾಠ ಒಪ್ಪಿಸುವಾಗ ಹೊರಬೀಳುವ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ; ಬಯಲಿನಲ್ಲಿ ಚದುರಿಹೋಗುತ್ತವೆ. 2020ರ ಆಗಸ್ಟಿನಲ್ಲಿ ಸರ್ಕಾರವು ಆರಂಭಿಸಿದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ಹೇಳಿದರು. ಸ್ಥಳದ ಮಟ್ಟಿಗೆ ಇದು ಯೋಗ್ಯವಾದ ಆಲೋಚನೆ. ಆದರೆ ಗುಂಪಿನ ಮಿತಿ, ಮುಖಗವಸು, ಶಿಕ್ಷಕರ ಸುರಕ್ಷತೆಗಳಿಗೆ ತಕ್ಕ ಏರ್ಪಾಡಿಲ್ಲದೆ, ಸೋಂಕಿನ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಯೋಜನೆ ನಿಂತಿತು. ಮುಂದೆ ಮಕ್ಕಳು ಹಿಂತಿರುಗಿದ್ದು ಬಯಲಿಗಲ್ಲ, ಹಳೆಯ ಕೊಠಡಿಗಳಿಗೆ. ವಿಶಾಲವಾದ ಪ್ರಾಕಾರಗಳೂ ಕಲ್ಯಾಣಮಂಟಪಗಳೂ ಇರುವ ಸಂಸ್ಥೆಗಳಲ್ಲಿ ಎಷ್ಟು ಮಂದಿ ಅವುಗಳನ್ನು ತರಗತಿಗೆ ಬಿಟ್ಟುಕೊಟ್ಟರು?

ಕಣ್ಣಿಗೆ ಕಾಣದ ಜೀವಿಗಾಗಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಸಮಾಜಕ್ಕೆ ಈ ವಿಷಯವನ್ನು ಇತರರು ಹೇಳಿಕೊಡಬೇಕಾಗಿರಲಿಲ್ಲ. ಸ್ಥಾನಕವಾಸಿ ಸಾಧುಗಳು ಮುಖಕ್ಕೆ ಕಟ್ಟುವ ಮುಹಪತ್ತಿ ತಮ್ಮ ಪ್ರಾಣರಕ್ಷಣೆಗಲ್ಲ, ಪರಪ್ರಾಣಿಯ ರಕ್ಷಣೆಗೆ. ಮುಖಗವಸಿನ ಧರ್ಮವೂ ಬಹುಪಾಲು ಅದೇ: ತನ್ನ ಉಸಿರು ಪರರಿಗೆ ವಿಷವಾಗದಿರಲಿ. ಗದ್ದಕ್ಕೆ ಜಾರಿಸಿಕೊಂಡ ಮುಖಗವಸು ಕೇವಲ ವೇಷ.

ಹಾಗಾದರೆ ಪ್ರೌಢಶಾಲೆಯನ್ನು ಅಪ್ರಮಾದದಿಂದ ತೆರೆಯುವುದೆಂದರೇನು? ಮೊದಲನೆಯದಾಗಿ, ಪ್ರತಿ ಕೊಠಡಿಗೂ ಎದುರುಬದುರು ಗೋಡೆಗಳಲ್ಲಿ ತೆರೆಯುವ ಕಿಟಕಿಗಳಿರಬೇಕು. ಮೊಳೆ ಹೊಡೆದು ಮುಚ್ಚಿದ, ಬೀರು ಅಡ್ಡವಿಟ್ಟ ಕಿಟಕಿ ಕಿಟಕಿಯಲ್ಲ. ಚಾವಣಿಯ ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಕೆಟ್ಟ ಗಾಳಿಯನ್ನು ಹೊರಹಾಕಲು ಎಕ್ಸಾಸ್ಟ್ ಫ್ಯಾನು ಬೇಕು. ಒಳಗಿನ ಗಾಳಿಯ ಸ್ಥಿತಿಯನ್ನು ಅಳೆಯಲು ಇಂಗಾಲದ ಡೈಆಕ್ಸೈಡ್ ಮಾಪಕವೆಂಬ ಚಿಕ್ಕ ಯಂತ್ರವಿದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 420 ಭಾಗವನ್ನು ತೋರಿಸುತ್ತದೆ. ಕೊಠಡಿಯಲ್ಲಿ 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆಯೆಂದು ಅರ್ಥ. ತಕ್ಕಡಿಯಿಲ್ಲದೆ ತೂಕ ಹೇಳುವ ವ್ಯಾಪಾರಿಯನ್ನು ನಂಬದ ಜನರು ಅಳೆಯದೆ ಸುರಕ್ಷಿತವೆಂದು ಸಾರುವ ಶಾಲೆಯನ್ನು ಏಕೆ ನಂಬಬೇಕು?

ಎರಡನೆಯದಾಗಿ, ಎಲ್ಲರೂ ಮುಖಗವಸು ತೆಗೆಯುವ ಹೊತ್ತು ಊಟದ ಹೊತ್ತು. ಸಾಂಕ್ರಾಮಿಕದ ಕಾಲದಲ್ಲಿ ಬಿಸಿಯೂಟವನ್ನು ಜಗಲಿಯಲ್ಲಿಯೋ ಮರದಡಿಯಲ್ಲಿಯೋ ಸರದಿಯ ಮೇಲೆ ಬಡಿಸಬೇಕು. ಮೂರನೆಯದು ಸಂಬಳ ಸಹಿತ ರಜೆ. ಕೆಮ್ಮು ಬಂದ ಅಧ್ಯಾಪಕನಿಗೆ ಆ ದಿನದ ಸಂಬಳ ಕಡಿತವಾಗುವುದಾದರೆ ಅವನು ಕೆಮ್ಮನ್ನು ಅಡಗಿಸಿಕೊಂಡು ಶಾಲೆಗೆ ಬರುತ್ತಾನೆ. ಮುಚ್ಚಿದ ತಿಂಗಳುಗಳಲ್ಲಿ ಎಷ್ಟೋ ಅನುದಾನರಹಿತ ಶಾಲೆಗಳ ಶಿಕ್ಷಕರು ಸಂಬಳವಿಲ್ಲದೆ ತರಕಾರಿ ಮಾರಿ, ಕೂಲಿ ಮಾಡಿ ಬದುಕಿದ್ದು ಸಮಾಜದ ಕಣ್ಣಮುಂದಿನ ಸಂಗತಿ. ಮಕ್ಕಳ ವಿಷಯದಲ್ಲಿಯೂ ಪೂರ್ಣ ಹಾಜರಿಗೆ ಕೊಡುವ ಬಹುಮಾನ ಅಂಥ ಕಾಲದಲ್ಲಿ ರೋಗಕ್ಕೆ ಕೊಡುವ ಬಹುಮಾನವಾದೀತು. ನಾಲ್ಕನೆಯದಾಗಿ, ಲಸಿಕೆ ದೊರೆತಾಗ ಅಧ್ಯಾಪಕರಿಗೂ ಸಿಬ್ಬಂದಿಗೂ ಅದನ್ನು ತಲುಪಿಸುವುದು ಆಡಳಿತದ ಕೆಲಸ. ಹದಿನೈದು ತುಂಬಿದವರಿಗೆ ಲಸಿಕೆ ಬಂದದ್ದು 2022ರ ಜನವರಿ 3ರಂದು. ಅದಕ್ಕೂ ಮೊದಲು ಅವರಿಗಿದ್ದ ಕಾವಲು ಸುತ್ತಲಿನ ಹಿರಿಯರ ಎಚ್ಚರವೇ.

ಪ್ರೌಢಶಾಲೆಯಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಹದಿನಾಲ್ಕು ಹದಿನೈದರ ಹುಡುಗನ ದೇಹ ಈ ರೋಗದ ಮಟ್ಟಿಗೆ ವಯಸ್ಕರದಕ್ಕೆ ಹತ್ತಿರ. ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ವಿವೇಕವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರು 2021ರ ಜುಲೈನಲ್ಲಿ ಹೇಳಿದ್ದರು. ರಾಜ್ಯದಲ್ಲಿ ನಡೆದದ್ದು ತಿರುಗುಮುರುಗು: ಒಂಬತ್ತರಿಂದ ಮೇಲಿನ ತರಗತಿಗಳು ಆಗಸ್ಟ್ 23ರಂದು ತೆರೆದವು, ಚಿಕ್ಕ ಮಕ್ಕಳ ತರಗತಿಗಳು ಅಕ್ಟೋಬರ್ 25ರಂದು. ಆಗಸ್ಟಿನ ಆದೇಶದಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ ಎರಡಕ್ಕಿಂತ ಕಡಿಮೆಯಿರುವ ಜಿಲ್ಲೆಗಳಲ್ಲಿ ತೆರೆಯಬಹುದೆಂಬ ನಿಯಮವಿತ್ತು. ಅಳತೆಯಿಟ್ಟು ತೆರೆದ ಆ ರೀತಿ ಮೆಚ್ಚತಕ್ಕದ್ದು. ಮೂಡಬಿದಿರೆ, ಕಾರ್ಕಳ, ಶ್ರವಣಬೆಳಗೊಳಗಳಿರುವ ದಕ್ಷಿಣ ಕನ್ನಡ, ಉಡುಪಿ, ಹಾಸನ ಜಿಲ್ಲೆಗಳು ಅಂದು ಆ ಪಟ್ಟಿಯ ಹೊರಗಿದ್ದವು. ಹಾಗೆ ದೊರೆತ ಹೆಚ್ಚಿನ ಕಾಲವನ್ನು ಕಿಟಕಿ ತೆರೆಸುವುದಕ್ಕೆ ಬಳಸಿದ ಶಾಲೆಗಳೆಷ್ಟು, ಸುಮ್ಮನೆ ಕಾದು ಕುಳಿತ ಶಾಲೆಗಳೆಷ್ಟು ಎಂಬುದನ್ನು ಅಲ್ಲಿನ ಆಡಳಿತ ಮಂಡಳಿಗಳೇ ಲೆಕ್ಕ ಹಾಕಿಕೊಳ್ಳಲಿ.

ಇದಕ್ಕೆಲ್ಲ ಹಣವೆಲ್ಲಿದೆಯೆಂದು ಕೆಲವರು ಕೇಳಿಯಾರು. ಬಸದಿಯ ನೆಲಕ್ಕೆ ಅಮೃತಶಿಲೆ ಹಾಸುವಾಗ ಈ ಪ್ರಶ್ನೆ ಏಳುವುದಿಲ್ಲ. ಭಗವಂತನ ಪೂಜೆಗೆ ಮಾಡುವ ವೆಚ್ಚವನ್ನು ಇಲ್ಲಿ ಆಕ್ಷೇಪಿಸುತ್ತಿಲ್ಲ. ಆದರೆ ದಾತೃವಿನ ಹೆಸರು ಕೆತ್ತಿದ ಫಲಕ ಕಿಟಕಿಯ ಮೇಲೂ ನಿಲ್ಲಬಲ್ಲದು. ಮತ್ತೆ ಕೆಲವರು ಅನೇಕಾಂತದ ಹೆಸರೆತ್ತಿ, ಎರಡೂ ಪಕ್ಷಗಳಲ್ಲಿ ಸತ್ಯವಿದೆ, ಆದ್ದರಿಂದ ನಡುಹಾದಿ ಹಿಡಿಯೋಣವೆಂದಾರು. ಅನೇಕಾಂತವು ಅರ್ಧರ್ಧ ಹಂಚುವ ಪಂಚಾಯಿತಿಯಲ್ಲ. ಅರ್ಧ ತೆರೆದ ಶಾಲೆಯಲ್ಲಿ ಅರ್ಧ ಗಾಳಿ, ಅರ್ಧ ಪಾಠ ದೊರೆತರೆ ಎರಡು ದಾನಗಳೂ ಕೆಡುತ್ತವೆ. ಪ್ರಾಣದ ನಯದಿಂದಲೂ ವಿದ್ಯೆಯ ನಯದಿಂದಲೂ ವಸ್ತುವನ್ನು ಪೂರ್ತಿಯಾಗಿ ನೋಡಿದವನಿಗೆ ಶಾಸ್ತ್ರದಾನಕ್ಕೂ ಅಭಯದಾನಕ್ಕೂ ವಿರೋಧವೇ ಕಾಣುವುದಿಲ್ಲ. ಗಾಳಿಯಾಡುವ ಕೊಠಡಿಯಲ್ಲಿ ನಡೆಯುವ ಪಾಠವು ಏಕಕಾಲಕ್ಕೆ ಎರಡೂ ಆಗಿರುತ್ತದೆ.

ಶಾಲೆ ನಡೆಸುವ ಪ್ರತಿಯೊಂದು ಟ್ರಸ್ಟೂ ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲಿ. ಯಾವ ಸ್ಥಿತಿಯಲ್ಲಿ ಶಾಲೆ ಮುಚ್ಚುವುದು, ಯಾವ ಏರ್ಪಾಡಾದೊಡನೆ ತೆರೆಯುವುದು, ಅಧ್ಯಾಪಕರ ಸಂಬಳಕ್ಕೆ ಎಷ್ಟು ತಿಂಗಳ ಮೀಸಲು ನಿಧಿ ಇಡುವುದು ಎಂಬುದನ್ನು ಈಗಲೇ ಬರೆದು ಠರಾವು ಮಾಡಲಿ. ಸಭೆ ಮುಗಿದ ಮೇಲೆ ಪದಾಧಿಕಾರಿಗಳು ಫಲಾಹಾರಕ್ಕೆ ಹೋಗುವ ಮೊದಲು ಶಾಲೆಯ ಕೊಠಡಿಗಳನ್ನೊಮ್ಮೆ ಸುತ್ತಿ ಬರಲಿ. ತೆರೆಯದ ಕಿಟಕಿಗಳೆಷ್ಟೆಂದು ಎಣಿಸಿ ನಡವಳಿ ಪುಸ್ತಕದಲ್ಲಿ ಬರೆಯಲಿ.