ನಲ್ಲಿಯಲ್ಲಿ ಬರುವ ವೈನು: ಉಳಿತಾಯ ಯಾರ ಪಾಲಿಗೆ?

ಅಮೆರಿಕದ ಹೋಟೆಲು, ಬಾರುಗಳಲ್ಲಿ ಈಗ ವೈನನ್ನು ಬಾಟಲಿಯಿಂದ ಬಗ್ಗಿಸುವ ಬದಲು ನಲ್ಲಿ ತಿರುಗಿಸಿ ಲೋಟಕ್ಕೆ ಬಿಡುವ ಪದ್ಧತಿ ಬೇರೂರಿದೆ. ಬಿಯರನ್ನು ಹೀಗೆ ಕೊಡುವುದು ಹಳೆಯ ಸಂಗತಿ. ವೈನಿನ ಮಟ್ಟಿಗೆ ಇದು ಕಳೆದ ಹದಿನೈದು ವರ್ಷಗಳಿಂದೀಚೆಗೆ ಗಟ್ಟಿಯಾದ ವ್ಯವಹಾರ. ಕುಡಿಯುವವರ ಸುದ್ದಿ ನಮಗೇಕೆ ಎಂದು ಪುಟ ತಿರುವಬೇಡಿ. ಲೋಟಕ್ಕೆ ಬೀಳುವುದು ದ್ರಾಕ್ಷಿಯ ರಸ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಚಪ್ಪರ ಹಾಕಿರುವವರಿಗೂ, ವಿಜಯಪುರದ ಬೆಳೆಗಾರರಿಗೂ ಇದರಲ್ಲಿ ತಿಳಿಯಬೇಕಾದ ಒಂದು ಲೆಕ್ಕವಿದೆ. ಕುಡಿಯಿರಿ ಎಂದು ಹೇಳುವುದು ಈ ಪುಟದ ಕೆಲಸವಲ್ಲ. ಮಾಲು ಯಾರದು, ಹಣ ಯಾರದು ಎಂದು ಕೇಳುವುದು ಮಾತ್ರ ನಮ್ಮ ಕೆಲಸವೇ ಸರಿ.

ಮೊದಲು ಯಂತ್ರದ ವಿಷಯ. ಬೆಳಿಗ್ಗೆ ಇಳಿಸಿದ ನೀರಾ ಮಧ್ಯಾಹ್ನಕ್ಕೆ ಹುಳಿಯಾಗುವುದನ್ನು ನೀವು ಕಂಡವರು. ವೈನು ಅಷ್ಟು ಬೇಗ ಕೆಡುವುದಿಲ್ಲ. ಆದರೂ ಬಿರಡೆ ತೆಗೆದ ಬಾಟಲಿಗೆ ಗಾಳಿ ತಗುಲಿದರೆ ಎರಡು ಮೂರು ದಿನದಲ್ಲಿ ರುಚಿ ಕೆಡುತ್ತದೆ. ಒಂದೇ ಲೋಟ ಕೇಳುವ ಗಿರಾಕಿಗಾಗಿ ಬಾಟಲಿ ತೆರೆದ ಹೋಟೆಲಿನವನು ಉಳಿದದ್ದನ್ನು ಎಷ್ಟೋ ಸಲ ಚರಂಡಿಗೆ ಸುರಿಯಬೇಕಾಗುತ್ತದೆ. ನಲ್ಲಿಯ ಪದ್ಧತಿಯಲ್ಲಿ ವೈನು ತುಕ್ಕು ಹಿಡಿಯದ ಉಕ್ಕಿನ ಪೀಪಾಯಿಯಲ್ಲಿರುತ್ತದೆ. ಮೇಲಿನಿಂದ ಸಾರಜನಕದ ಅನಿಲ ಒತ್ತುತ್ತದೆ. ನೀವು ಯೂರಿಯಾ ಚೆಲ್ಲಿ ಬೆಳೆಗೆ ಕೊಡುವ ಸಾರಜನಕವೇ ಇದು, ಇಲ್ಲಿ ಅನಿಲದ ರೂಪದಲ್ಲಿದೆ. ವೈನು ಇಳಿದಂತೆಲ್ಲ ಖಾಲಿ ಜಾಗವನ್ನು ಅದು ತುಂಬುವುದರಿಂದ ಆಮ್ಲಜನಕ ಒಳಗೆ ನುಸುಳುವುದಿಲ್ಲ. ಹೀಗೆ ತೆರೆದ ಪೀಪಾಯಿ ಎರಡು ತಿಂಗಳಾದರೂ ಕೆಡದೆ ನಿಲ್ಲುತ್ತದೆ. ನಲ್ಲಿ ಮಾತ್ರ ಒಳ್ಳೆಯ ಉಕ್ಕಿನದಾಗಿರಬೇಕು. ಬಿಯರಿಗೆ ಹಾಕುವ, ಮೇಲೆ ಹೊಳಪು ಲೇಪಿಸಿದ ಹಿತ್ತಾಳೆ ನಲ್ಲಿಯನ್ನು ವೈನಿನ ಹುಳಿ ತಿನ್ನುತ್ತದೆ. ಹುಣಿಸೆಹುಳಿಯನ್ನು ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಪೀಪಾಯಿ 19.5 ಲೀಟರಿನದು. ಅಂದರೆ 750 ಮಿಲಿಲೀಟರಿನ 26 ಬಾಟಲಿಗಳಿಗೆ ಸಮ. ಬಾಟಲಿಗೆ ಐದು ಲೋಟದಂತೆ 130 ಲೋಟ. ಖಾಲಿ ಬಾಟಲಿಯೊಂದು ಸುಮಾರು ಅರ್ಧ ಕೆ.ಜಿ. ತೂಗುವುದರಿಂದ 26 ಬಾಟಲಿಗೆ 13 ಕೆ.ಜಿ. ಗಾಜು ಬೇಕು. ಆ ಗಾಜನ್ನು ಕುಲುಮೆಯಲ್ಲಿ ಕರಗಿಸಿ, ಲಾರಿಯಲ್ಲಿ ಸಾಗಿಸಿ, ಒಮ್ಮೆ ಬಗ್ಗಿಸಿದ ಮೇಲೆ ಬಹುತೇಕ ಬಿಸಾಡುತ್ತಾರೆ. ಉಕ್ಕಿನ ಪೀಪಾಯಿಯಾದರೆ ತೊಳೆದು ತುಂಬಿ ಹತ್ತಾರು ವರ್ಷ ತಿರುಗಿಸಬಹುದು. ಬಿರಡೆ, ಚೀಟಿ, ರಟ್ಟಿನ ಪೆಟ್ಟಿಗೆ ಯಾವುದೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಹುಟ್ಟಿದ ಫ್ರೀ ಫ್ಲೋ ವೈನ್ಸ್ ಎಂಬ ಕಂಪನಿಯ ಕಸುಬೇ ಇದು: ಬೇರೆ ಬೇರೆ ತಯಾರಕರ ವೈನನ್ನು ಪೀಪಾಯಿಗೆ ತುಂಬಿಸುವುದು, ಖಾಲಿಯಾದದ್ದನ್ನು ವಾಪಸು ತರಿಸಿ ತೊಳೆಯುವುದು. ಹಾಲಿನ ಡೇರಿಗೆ ಕ್ಯಾನು ಹೋಗಿ ಬರುವ ಹಾಗೆ. ಹಿಂದೊಮ್ಮೆ ಅಲ್ಲಿ ಅಗ್ಗದ ವೈನನ್ನು ಪೀಪಾಯಿಯಲ್ಲಿ ಮಾರಿ ಆ ಪದ್ಧತಿಗೇ ಕೆಟ್ಟ ಹೆಸರು ತಂದಿದ್ದರು. ಈಗ ಒಳ್ಳೆಯ ಮಾಲನ್ನೇ ತುಂಬುವುದರಿಂದ ಗಿರಾಕಿ ಒಪ್ಪಿದ್ದಾನೆ.

ಇಷ್ಟು ಉಳಿತಾಯವಾದರೆ ಅದರ ಪಾಲು ದ್ರಾಕ್ಷಿ ಬೆಳೆದವನಿಗೆ ಬರಬೇಕಲ್ಲವೆ? ಒಂದು ಬಾಟಲಿ ವೈನಿಗೆ ಸುಮಾರು 1.2 ಕೆ.ಜಿ. ದ್ರಾಕ್ಷಿ ಬೇಕು, ಒಂದು ಪೀಪಾಯಿಗೆ 30 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಲೆಕ್ಕಕ್ಕೆಂದು ಮಾತ್ರ ಕೆ.ಜಿ.ಗೆ 40 ರೂಪಾಯಿ ಹಿಡಿಯೋಣ. ಬಾಟಲಿಯಲ್ಲಿ ರೈತನದು 48 ರೂಪಾಯಿ. ಗಾಜು, ಬಿರಡೆ, ಚೀಟಿ, ಪೆಟ್ಟಿಗೆ ಸೇರಿ ಅಷ್ಟೇ ಖರ್ಚಾಗುತ್ತಿತ್ತು ಎಂದುಕೊಂಡರೂ, ಅದು ಉಳಿದಾಗ ರೈತನ 48 ರೂಪಾಯಿ 49 ಆಗುವ ಕಾರಣವೇ ಇಲ್ಲ. ದ್ರಾಕ್ಷಿಯ ದರ ನಿಲ್ಲುವುದು ಮಾಲು ಎಷ್ಟಿದೆ, ಕೊಳ್ಳುವವರು ಎಷ್ಟು ಜನ ಎಂಬುದರ ಮೇಲೆಯೇ ಹೊರತು ಪಾತ್ರೆಯ ಮೇಲಲ್ಲ.

ಕ್ಯಾಲಿಫೋರ್ನಿಯಾದ ಬೆಳೆಗಾರರ ಸ್ಥಿತಿಯೇ ಇದಕ್ಕೆ ಸಾಕ್ಷಿ. ನಲ್ಲಿಯ ವೈನು ಹಬ್ಬಿದ ಆ ನಾಡಿನಲ್ಲೇ 2024ರಲ್ಲಿ ವೈನಿಗಾಗಿ ಅರೆದ ದ್ರಾಕ್ಷಿ ಇಪ್ಪತ್ತು ವರ್ಷಗಳಲ್ಲೇ ಅತಿ ಕಡಿಮೆ. ಕೊಳ್ಳುವವರಿಲ್ಲದೆ ಗೊಂಚಲು ಬಳ್ಳಿಯಲ್ಲೇ ಒಣಗಿತು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ 2023ರಲ್ಲಿ ಬಳ್ಳಿ ಕಿತ್ತು ಹಾಕುವವರಿಗೆ ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಡುವ ಯೋಜನೆ ಬಂತು. 2024ರಲ್ಲಿ ಜಗತ್ತೇ ಕುಡಿದ ವೈನು ಸುಮಾರು 2,140 ಕೋಟಿ ಲೀಟರು. 1961ರಿಂದೀಚೆಗೆ ಇಷ್ಟು ಕಡಿಮೆ ಆಗಿರಲಿಲ್ಲ. ಪೀಪಾಯಿ ಹೋಟೆಲಿನವನ ನಷ್ಟ ತಪ್ಪಿಸಿತು, ಸಾಗಣೆಯ ವೆಚ್ಚ ತಗ್ಗಿಸಿತು. ತೋಟ ಉಳಿಸುವುದು ಅದರ ಕೈಲಾಗಲಿಲ್ಲ.

ಬೆಳೆದವನಿಗೇ ಲಾಭ ಸಿಕ್ಕ ಕಡೆ ಎರಡಿವೆ. ಎರಡರಲ್ಲೂ ಪಾತ್ರೆಗಿಂತ ಹಕ್ಕು ಮುಖ್ಯವಾಗಿತ್ತು ಎಂಬುದನ್ನು ಗಮನಿಸಿ.

ಮೊದಲನೆಯದು ಆಸ್ಟ್ರಿಯದ ವಿಯೆನ್ನಾ. ಅಲ್ಲಿನ ದೊರೆ ಎರಡನೇ ಜೋಸೆಫ್ 1784ರಲ್ಲಿ ಒಂದು ಆಜ್ಞೆ ಹೊರಡಿಸಿದ. ದ್ರಾಕ್ಷಿ ಬೆಳೆದವನು ತಾನೇ ಮಾಡಿದ ವೈನನ್ನು ತನ್ನ ಮನೆಯಲ್ಲೇ ಮಾರಬಹುದು ಎಂದು. ಅಂದಿನಿಂದ ಆ ಊರಿನ ಸುತ್ತ ಬೆಳೆಗಾರರ ಮನೆಗಳೇ ಅಂಗಡಿಗಳಾದವು. ಮಾರಾಟ ನಡೆಯುವ ದಿನ ಬಾಗಿಲಿಗೆ ಹಸಿರು ಟೊಂಗೆ ಕಟ್ಟುತ್ತಾರೆ, ನಮ್ಮಲ್ಲಿ ಹಬ್ಬಕ್ಕೆ ತೋರಣ ಕಟ್ಟುವ ಹಾಗೆ. ಮಧ್ಯವರ್ತಿಯಿಲ್ಲ. ಪೀಪಾಯಿಯಿಂದ ಲೋಟಕ್ಕೆ, ಗಿರಾಕಿಯ ಹಣ ನೇರವಾಗಿ ರೈತನ ಕೈಗೆ. ಇಂದಿಗೂ ಇದು ನಡೆಯುತ್ತಿದೆ.

ಎರಡನೆಯದು ಇಟಲಿಯ ಪ್ರೊಸೆಕ್ಕೊ. ಇದು ನೊರೆ ಬರುವ ಬಿಳಿ ವೈನು. 2009ರಲ್ಲಿ ಅಲ್ಲಿನವರು ಈ ಹೆಸರನ್ನು ಒಂದು ಪ್ರದೇಶಕ್ಕೆ ಕಾನೂನಿನಿಂದ ಕಟ್ಟಿಹಾಕಿದರು; ಅದೇ ಹೆಸರಿದ್ದ ದ್ರಾಕ್ಷಿ ತಳಿಯನ್ನು ಗ್ಲೆರಾ ಎಂದು ಕರೆದರು. ತಳಿಯನ್ನು ಯಾರು ಎಲ್ಲಿ ಬೇಕಾದರೂ ನೆಡಬಹುದು, ಹೆಸರು ಮಾತ್ರ ಅವರದೇ. ಆಮೇಲೆ ಇಂಗ್ಲೆಂಡಿನ ಪಬ್ಬುಗಳು ಪ್ರೊಸೆಕ್ಕೊ ಎಂದು ಬೋರ್ಡು ಹಾಕಿ ನಲ್ಲಿಯಿಂದ ಬಿಡಲಾರಂಭಿಸಿದಾಗ ಇಟಲಿಯವರು ತಕರಾರು ತೆಗೆದರು. ಬಾಟಲಿಯಲ್ಲಿ ಬಂದದ್ದಕ್ಕಷ್ಟೇ ಆ ಹೆಸರು ಎಂಬುದು ನಿಯಮ. ನಲ್ಲಿಯ ಹಿಂದೆ ಯಾವ ಪೀಪಾಯಿ ಇದೆಯೆಂದು ಗಿರಾಕಿಗೆ ಕಾಣುವುದಿಲ್ಲ. ಅಗ್ಗದ್ದನ್ನು ಜೋಡಿಸಿ ದುಬಾರಿ ಹೆಸರು ಹೇಳಿದರೆ ಕೆಡುವುದು ಬೆಳೆಗಾರನ ಹೆಸರೇ. ಹಾಲಿಗೆ ನೀರು ಬೆರೆಸಿದವನು ಯಾರೇ ಆಗಲಿ, ಊರಿಗೆ ಕೆಟ್ಟ ಹೆಸರು ಬರುವ ಹಾಗೆ.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕದಲ್ಲಿ 2007 ಒಂದು ವಿಚಿತ್ರ ವರ್ಷ. ಜುಲೈಯಲ್ಲಿ ಸಾರಾಯಿ ನಿಂತಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಹೆಸರಿನಲ್ಲಿರುವುದೂ ಅದೇ ಇಸವಿ. ದ್ರಾಕ್ಷಿ ಬೆಳೆಗಾರನಿಗೆ ಹೊಸ ಮಾರುಕಟ್ಟೆ ಕೊಡುವುದು ನೀತಿಯ ಉದ್ದೇಶವಾಗಿತ್ತು. ಮಹಾರಾಷ್ಟ್ರ ಸರ್ಕಾರ 2022ರ ಜನವರಿಯಲ್ಲಿ ದೊಡ್ಡ ಅಂಗಡಿಗಳಲ್ಲಿ ವೈನು ಮಾರಲು ಒಪ್ಪಿದಾಗಲೂ ರೈತನ ಹೆಸರನ್ನೇ ಹೇಳಿತು. ಅಣ್ಣಾ ಹಜಾರೆಯವರ ವಿರೋಧ ಎದುರಿಸಬೇಕಾಯಿತು. ರೈತನ ಹೆಸರು ಹೇಳುವುದು ಸುಲಭ. ವಿಯೆನ್ನಾದ ರೈತನಿಗಿರುವ ಹಕ್ಕು ನಮ್ಮವನಿಗಿಲ್ಲ. ಪರವಾನಗಿಯಿಲ್ಲದೆ ಮನೆಯಲ್ಲಿ ವೈನು ಮಾಡಿ ಮಾರಿದರೆ 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಇದನ್ನು ಸಡಿಲಿಸಬೇಕೆಂದು ನಾನು ಹೇಳಲಾರೆ. ಕುಡಿತದಿಂದ ಹಾಳಾದ ಮನೆಗಳು ಪ್ರತಿ ಹಳ್ಳಿಯಲ್ಲೂ ಇವೆ. ಅಗ್ಗದ ನಲ್ಲಿಯೊಂದು ಅದಕ್ಕೆ ಸೇರಬಾರದು. ಹಾಗಿರುವಾಗ ರೈತ ದ್ರಾಕ್ಷಿ ಮಾರುವವನಾಗಿಯೇ ಉಳಿಯುತ್ತಾನೆ, ದರದ ಚೌಕಾಸಿಯೂ ಅಲ್ಲೇ ನಡೆಯಬೇಕು.

ಇಲ್ಲಿ ಎಲ್ಲ ಬೆಳೆಗಾರರ ಬಲವೂ ಒಂದೇ ಅಲ್ಲ. ವಿಜಯಪುರದ ಬೀಜವಿಲ್ಲದ ದ್ರಾಕ್ಷಿಗೆ ದರ ಬಿದ್ದರೆ ಒಣಗಿಸಿ ಮಣೂಕ ಮಾಡಬಹುದು, ಕಾಯಬಹುದು. ಬೀಜವಿರುವ ಬೆಂಗಳೂರು ಬ್ಲೂ ಒಣಗಿಸಲು ಬಾರದು; ಹಣ್ಣಾಗಿ, ರಸವಾಗಿ ಅಥವಾ ವೈನಾಗಿಯೇ ಹೋಗಬೇಕು. ಆದರೆ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿ ಇದೆ. ಇಟಲಿಯವರು ಹೆಸರಿನಿಂದ ಮಾಡಿದ ಕೆಲಸವನ್ನು ಈ ನೋಂದಣಿಯಿಂದ ನಾವು ಇನ್ನೂ ಮಾಡಿಲ್ಲ.

ವೈನು ಕಂಪನಿಯವರು ಒಪ್ಪಂದಕ್ಕೆ ಬಂದರೆ ಒಬ್ಬೊಬ್ಬರೇ ಸಹಿ ಹಾಕಬೇಡಿ. ಸಂಘದ ಮೂಲಕ ಮಾತಾಡಿ. ಬಾಟಲಿಯೋ ಪೀಪಾಯಿಯೋ, ಅದು ಅವರ ವಿಷಯ. ದರ ತೂಕಕ್ಕೋ ಸಿಹಿಯ ಅಳತೆಗೋ, ಅಳೆಯುವಾಗ ನಿಮ್ಮವರೊಬ್ಬರು ಇರುತ್ತಾರೋ ಇಲ್ಲವೋ, ಕಂಪನಿ ಮಾಲು ಬೇಡವೆಂದರೆ ಪರಿಹಾರವೇನು, ಹಣ ಎಷ್ಟು ದಿನಕ್ಕೆ, ಇವು ಕಾಗದದಲ್ಲಿ ಕನ್ನಡದಲ್ಲೇ ಬರೆದಿರಬೇಕು. ಮಾತು ಮುಗಿಯಬೇಕಾದ್ದು ಬಳ್ಳಿ ಸವರುವ ಮುಂಚೆ, ವಿಜಯಪುರದವರ ಮಾತಿನಲ್ಲಿ ಚಾಟ್ನಿಗೆ ಮುಂಚೆ. ಗೊಂಚಲು ಬಣ್ಣ ತಿರುಗಿದ ಮೇಲೆ ದರ ಹೇಳುವವರು ಅವರೇ.