ಆರೋಗ್ಯ ವಿಚಾರ: ಮೊಡವೆಗೆ ಗುಳಿಗೆಯೋ, ಊಟವೋ?

ಹರೆಯಕ್ಕೆ ಕಾಲಿಟ್ಟ ಮಕ್ಕಳ ಮುಖದಲ್ಲಿ ಮೊಡವೆಗಳೇಳುವುದು ಲೋಕರೂಢಿಯಾದ ಸಂಗತಿ. ಆದರೆ ಕನ್ನಡಿಯ ಮುಂದೆ ನಿಂತ ಹುಡುಗಿಗೆ ಅದು ಸಣ್ಣ ಮಾತಲ್ಲ. ಮದುವೆಯ ಮಾತು ಎದ್ದಿರುವ ಮನೆಯಲ್ಲಿ ತಾಯಿಗೂ ಸಣ್ಣ ಮಾತಲ್ಲ. ಆಗ ನೆರೆಹೊರೆಯವರು ಹೇಳಿದ ಲೇಪಗಳೂ ಅಂಗಡಿಯ ಜೀವಸತ್ತ್ವದ ಗುಳಿಗೆಗಳೂ ಮನೆಯನ್ನು ಸೇರುತ್ತವೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗೃಹಿಣಿಯರನ್ನು ಉದ್ದೇಶಿಸಿ ಈ ಸಲ ನಾವು ಆ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಚರ್ಮದೊಳಗೆ ಜಿಡ್ಡನ್ನು ಸುರಿಸುವ ಸಣ್ಣ ಗ್ರಂಥಿಗಳುಂಟು. ಹರೆಯದಲ್ಲಿ ಹಾರ್ಮೋನುಗಳ ಪ್ರೇರಣೆಯಿಂದ ಈ ಜಿಡ್ಡು ಹೆಚ್ಚಿ, ರೋಮಕೂಪದ ಬಾಯಿ ಕಟ್ಟಿಕೊಂಡು, ಒಳಗೆ ಸೂಕ್ಷ್ಮಜೀವಿಗಳು ಬೆಳೆದು, ಮೊಡವೆಯು ಕೆಂಪಾಗಿ ಊದಿಕೊಳ್ಳುವುದು. ಆದುದರಿಂದ ರಕ್ತ ಕೆಟ್ಟಿತೆಂದಾಗಲಿ, ಶುಚಿಯಿಲ್ಲವೆಂದಾಗಲಿ ಮಕ್ಕಳನ್ನು ಜರೆಯುವುದು ಅನ್ಯಾಯ.

ಊಟಕ್ಕೂ ಮೊಡವೆಗೂ ಸಂಬಂಧವಿಲ್ಲವೆಂದು ವೈದ್ಯರು ಬಹುಕಾಲ ಹೇಳುತ್ತಿದ್ದರು. ಈ ಅಭಿಪ್ರಾಯವು ಈಗ ಸಡಿಲವಾಗಿದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪ್ರಯೋಗದಲ್ಲಿ 43 ಮಂದಿ ತರುಣರನ್ನು 12 ವಾರ ಪರೀಕ್ಷಿಸಲಾಗಿ, ರಕ್ತದ ಸಕ್ಕರೆಯನ್ನು ಮೆಲ್ಲಮೆಲ್ಲನೆ ಏರಿಸುವ ಆಹಾರವನ್ನುಂಡವರಲ್ಲಿ ಮೊಡವೆಗಳು ಹೆಚ್ಚಾಗಿ ಇಳಿದುವು. ಸಕ್ಕರೆ ಥಟ್ಟನೆ ಏರಿದರೆ ಇನ್ಸುಲಿನ್ ಹೆಚ್ಚುತ್ತದೆ. ಅದು ಜಿಡ್ಡಿನ ಗ್ರಂಥಿಗಳನ್ನು ಕೆರಳಿಸುತ್ತದೆ. ಬೇಕರಿಯ ಬನ್ನು, ಬಿಸ್ಕತ್ತು, ಸಿಹಿ ಪಾನೀಯಗಳನ್ನು ಮಿತಗೊಳಿಸುವುದಕ್ಕೆ ಇದೇ ಕಾರಣ. ಹಾಲಿನಿಂದಲೂ ಕೆಲವರಿಗೆ ಮೊಡವೆ ಹೆಚ್ಚುವುದುಂಟು. ಆದರೂ ಬೆಳೆಯುವ ಮಕ್ಕಳಿಗೆ ವಿಚಾರಿಸದೆ ಹಾಲನ್ನು ಬಿಡಿಸತಕ್ಕದ್ದಲ್ಲ.

ಇದಕ್ಕಾಗಿ ಪರಸ್ಥಳದ ಪದಾರ್ಥಗಳು ಬೇಕಿಲ್ಲ. ಹನೂರಿನ ಹೊಲಗಳ ರಾಗಿ, ಮನೆಯ ಹಿತ್ತಿಲಿನ ನುಗ್ಗೆಸೊಪ್ಪು, ಹುರುಳಿ, ಅವರೆ, ಎಳ್ಳು ಇವೇ ಸಾಕು. ಆದರೆ ರಾಗಿಯೊಂದೇ ಔಷಧವೆಂದು ತಿಳಿಯಬಾರದು. ನುಣುಪಾದ ಹಿಟ್ಟನ್ನು ಗಂಜಿಮಾಡಿ ಬೆಲ್ಲ ಬೆರೆಸಿದರೆ ಅದೂ ಸಕ್ಕರೆಯನ್ನು ಬೇಗನೆ ಏರಿಸುವುದು. ಸೊಪ್ಪು ಕಾಳುಗಳ ಬಸ್ಸಾರಿನೊಡನೆ ಮಿತವಾದ ಮುದ್ದೆಯನ್ನುಂಡರೆ ಊಟ ಸಮತೋಲವಾಗುವುದು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಕೂಡಿಸುವ ನೆಲ್ಲಿಕಾಯಿಯಲ್ಲಿ ಸಿ ಜೀವಸತ್ತ್ವ ಹೇರಳವಾಗಿದೆ. ಅದು ಮೊಡವೆಯನ್ನು ಕಳೆಯುವುದೆಂದು ನಾವು ಹೇಳೆವು. ಗಾಯ ಮಾಯುವುದಕ್ಕೆ ಆ ಸತ್ತ್ವ ಅವಶ್ಯ. ಕಾಳು, ಎಳ್ಳು, ಮೊಟ್ಟೆ, ಮಾಂಸಗಳಲ್ಲಿರುವ ಸತುವಿನಿಂದ ಕೆಲವರಿಗೆ ಅಲ್ಪ ಪ್ರಯೋಜನ ಕಂಡಿದೆ.

ಗುಳಿಗೆಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಎ ಜೀವಸತ್ತ್ವದ ಸಂಬಂಧಿಗಳಾದ ಔಷಧಗಳನ್ನು ವೈದ್ಯರು ಮೊಡವೆಗೆ ಕೊಡುವುದು ನಿಜ. ಅದನ್ನು ಕೇಳಿ ಆ ಜೀವಸತ್ತ್ವವನ್ನೇ ಮನಬಂದಂತೆ ನುಂಗಿದರೆ ಯಕೃತ್ತಿಗೆ ಹಾನಿ; ಗರ್ಭಿಣಿಯರಾದರೆ ಹೊಟ್ಟೆಯ ಶಿಶುವಿಗೆ ಘೋರ ಅಪಾಯ. ನುಗ್ಗೆ, ದಂಟು, ಗಜ್ಜರಿಗಳನ್ನುಂಡರೆ ಶರೀರವೇ ತನಗೆ ಬೇಕಾದಷ್ಟನ್ನು ಮಾಡಿಕೊಳ್ಳುವುದರಿಂದ ಈ ಭಯವಿಲ್ಲ. ಬಿ ಹನ್ನೆರಡು ಜೀವಸತ್ತ್ವವನ್ನು ಅತಿಯಾಗಿ ತೆಗೆದುಕೊಂಡ ಕೆಲವರಿಗೆ ಮೊಡವೆಯೇ ಎದ್ದುದುಂಟು! ಬಿಳುಪಿನ ಆಸೆ ತೋರಿಸುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯಿಡು ಸೇರಿರುತ್ತದೆ. ಮೊದಲು ಮುಖ ತಿಳಿಯಾದಂತೆ ಕಂಡು, ಬಳಿಕ ಚರ್ಮ ತೆಳುವಾಗಿ ಮೊಡವೆ ಇಮ್ಮಡಿಯಾಗುವುದು.

ಮುಖವನ್ನು ದಿನಕ್ಕೆರಡಾವರ್ತಿ ಮೃದುವಾಗಿ ತೊಳೆಯಲಿ, ಮೊಡವೆಯನ್ನು ಹಿಂಡದಿರಲಿ. ಎರಡು ಮೂರು ತಿಂಗಳಲ್ಲಿಯೂ ಗುಣ ಕಾಣದಿದ್ದರೆ, ಅಥವಾ ನೋವುಳ್ಳ ಗಂಟುಗಳಾಗಿ ಕಲೆ ನಿಲ್ಲತೊಡಗಿದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹುಡುಗಿಗೆ ಮುಟ್ಟು ಕ್ರಮತಪ್ಪಿದ್ದರೆ ಅದನ್ನೂ ಸಂಕೋಚಪಡದೆ ಹೇಳಬೇಕು. ಮೊಡವೆ ಕಳೆಯುವ ಕಾಲ ಬಂದೇ ಬರುತ್ತದೆ. ಗುಳಿ ಬಿದ್ದ ಕಲೆಯೂ, ಮನೆಯವರಾಡಿದ ಕೊಂಕುಮಾತೂ ಅಷ್ಟು ಸುಲಭವಾಗಿ ಮಾಯುವುದಿಲ್ಲ. ತಾಯಂದಿರು ಮಕ್ಕಳ ಎಲೆಗೆ ಸೊಪ್ಪನ್ನು ಬಡಿಸುವಾಗ ಇದನ್ನು ನೆನೆದರೆ ನಮ್ಮ ಬರಹ ಸಾರ್ಥಕ.