ಮೌನವೆಂದರೆ ಖಾಲಿ ಜಾಗವಲ್ಲ

ಮನೆಯನ್ನೇ ಹೊತ್ತು ತಿರುಗುವ ಕ್ಯಾಂಪರ್ ವ್ಯಾನುಗಳು ಮಲೆನಾಡಿನ ಘಟ್ಟಗಳನ್ನೂ ಏರತೊಡಗಿವೆ. ಹಾಸಿಗೆ, ಒಲೆ, ಶೌಚಾಲಯಗಳೆಲ್ಲವೂ ವಾಹನದೊಳಗೇ ಇರುವುದರಿಂದ ಈ ಪ್ರವಾಸಿಗರು ಹುಡುಕುವುದು ರಾತ್ರಿ ಕಳೆಯಲು ಜನರಿಲ್ಲದ, ಸದ್ದಿಲ್ಲದ ಒಂದು ಜಾಗವನ್ನು ಮಾತ್ರ. ಘಟ್ಟದಲ್ಲಿ ಅಂತಹ ಜಾಗ ಯಾವುದು? ಊರಿನ ಗೋಮಾಳ, ದೇವರಕಾಡಿನ ಅಂಚು, ಹಳ್ಳದ ಮೂಲ, ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲು. ಜನರು ಕಾಣದ ಮಾತ್ರಕ್ಕೆ ಇವು ವಾರಸುದಾರರಿಲ್ಲದ ನೆಲಗಳೇ?

ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಕುದುರೆಮುಖ ಶ್ರೇಣಿಯ ಇಂತಹ ನೆತ್ತಿಯಲ್ಲೇ. ಹುಲ್ಲುಗಾವಲು ಮತ್ತು ಶೋಲಾ ಹೀರಿಟ್ಟ ಮಳೆನೀರೇ ಬೇಸಿಗೆಯ ಹೊಳೆ. ಭಾರವಾದ ಚಕ್ರಗಳು ಮತ್ತೆ ಮತ್ತೆ ಹಾಯ್ದಲ್ಲಿ ಮಣ್ಣು ಗಟ್ಟಿಯಾಗುತ್ತದೆ. ನೀರು ಇಂಗದೆ ಹರಿಯುತ್ತದೆ. ಚಕ್ರದ ಗುರುತು ಮಳೆಗಾಲದಲ್ಲಿ ಕೊರಕಲಾಗುತ್ತದೆ. ರಾಸಾಯನಿಕ ಬೆರೆತ ಶೌಚದ ತೊಟ್ಟಿಯನ್ನು ಹಳ್ಳದ ಬದಿಯಲ್ಲಿ ಬರಿದು ಮಾಡಿದರೆ ಕೆಡುವುದು ಕೆಳಗಿನ ಮನೆಗಳು ಕುಡಿಯುವ ಅಬ್ಬಿ ನೀರು.

ರಾತ್ರಿಯ ಮೌನವೂ ಬರಿದಲ್ಲ. ಅದು ಕಡವೆ, ಕಾಟಿಗಳು ಮೇಯುವ ಹೊತ್ತು. ಕಪ್ಪೆಗಳು ಸಂಗಾತಿಯನ್ನು ಕರೆಯುವ ಹೊತ್ತು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ ಸಂಚಾರವನ್ನು ನಿರ್ಬಂಧಿಸಿದ್ದು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು ಕಾಡಿಗೂ ರಾತ್ರಿಯ ಹಕ್ಕಿದೆಯೆಂಬ ಕಾರಣಕ್ಕೆ. ಹಾದುಹೋಗುವ ವಾಹನವೇ ಕಾಡಿಗೆ ಹೊರೆಯಾದರೆ, ದೀಪ ಉರಿಸಿ ಬೆಳಗಿನವರೆಗೆ ತಂಗುವ ವಾಹನ ಹೊರೆಯಲ್ಲವೆ?

ಪರದೇಶಗಳಲ್ಲಿ ಈ ಸ್ವಾತಂತ್ರ್ಯವಿದೆ ಎನ್ನುವುದು ಅರ್ಧಸತ್ಯ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಬೆಟ್ಟಬಯಲುಗಳನ್ನು ನಡೆಯುವವರಿಗೆ ತೆರೆಯಿತು. ಮೋಟಾರು ವಾಹನಗಳ ಓಡಾಟವನ್ನು ಆ ಹಕ್ಕಿನಿಂದ ಹೊರಗಿಟ್ಟಿತು. ನಾರ್ವೆಯ 1957ರ ಕಾಯ್ದೆಯಡಿ ಗುಡಾರ ಹೂಡುವವನೂ ವಾಸದ ಮನೆಯಿಂದ 150 ಮೀಟರ್ ದೂರವಿರಬೇಕು. ಅಲ್ಲಿಯೂ ಸ್ವಾತಂತ್ರ್ಯಕ್ಕೆ ಬೇಲಿಯಿದೆ.

ಹಾಗೆಂದು ಪ್ರವಾಸಿಗರನ್ನೆಲ್ಲ ಘಟ್ಟದ ಕೆಳಗೇ ತಡೆಯಬೇಕೆಂದಲ್ಲ. ನೆರೆಯ ಕೇರಳ 2021ರಲ್ಲಿ ಪ್ರಕಟಿಸಿದ ಕ್ಯಾರವಾನ್ ನೀತಿಯಲ್ಲಿ ನಿಗದಿತ ತಂಗುದಾಣಗಳ ಕಲ್ಪನೆಯಿದೆ. ಮಲೆನಾಡಿನಲ್ಲಿ ಆ ನಿರ್ಧಾರ ಗ್ರಾಮಸಭೆಯದಾಗಬೇಕು. ಊರಿನ ಅಂಗಳ, ಶಾಲೆಯ ಬಯಲು, ಒಪ್ಪಿದ ರೈತನ ಕಣ: ಶೌಚ ಬರಿದು ಮಾಡಲು ಸರಿಯಾದ ಗುಂಡಿ, ಪಂಚಾಯಿತಿಗೆ ಶುಲ್ಕ, ವಾಹನಗಳ ಸಂಖ್ಯೆಗೆ ಮಿತಿ. ಹಳ್ಳದ ಮೂಲಗಳನ್ನೂ ಹುಲ್ಲುಗಾವಲುಗಳನ್ನೂ ಗುರುತಿಸಿ ನಕ್ಷೆ ಬರೆಯುವ ಕೆಲಸವನ್ನು ವಿದ್ಯಾರ್ಥಿಗಳು ಇಂದೇ ಕೈಗೆತ್ತಿಕೊಳ್ಳಬಹುದು.

ಮೌನವನ್ನು ಅರಸಿ ಬಂದವನು ಮೊದಲು ಊರಿನ ಅಪ್ಪಣೆ ಕೇಳಲಿ. ಕೇಳದೆ ಪಡೆದ ಮೌನ ಅತಿಕ್ರಮಣವೇ ಸರಿ.